ಮಾರಿದ ಮೇಲೂ ಗೆದ್ದವರು: ಡೆಟ್ರಾಯಿಟ್ ಟೈಗರ್ಸ್ ತಂಡದ 2024ರ ಕೊನೆಯ 44 ಪಂದ್ಯಗಳು

(ಕ್ರೀಡಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ತಂಡದ ಲೆಕ್ಕ ಹೀಗಿತ್ತು: ಆಡಿದ ಪಂದ್ಯ 118, ಗೆಲುವು 55, ಸೋಲು 63. ಬಾಕಿ ಇದ್ದದ್ದು 44 ಪಂದ್ಯ. ಬೇಸ್‌ಬಾಲ್ ಅಂಕಿಅಂಶಗಳನ್ನೇ ಕಸುಬಾಗಿಸಿಕೊಂಡಿರುವ ಫ್ಯಾನ್‌ಗ್ರಾಫ್ಸ್ ಸಂಸ್ಥೆ ಪ್ರತಿ ತಂಡದ ಪ್ಲೇಆಫ್ ಸಾಧ್ಯತೆಯನ್ನು ದಿನವೂ ಲೆಕ್ಕ ಹಾಕುತ್ತದೆ. ಆಗಸ್ಟ್ 11ರಂದು ಟೈಗರ್ಸ್ ಹೆಸರಿನ ಮುಂದೆ ಅದು ಬರೆದದ್ದು ಶೇಕಡ 0.2. ಐನೂರರಲ್ಲಿ ಒಂದು ಪಾಲು. ಅದಕ್ಕೂ ಸುಮಾರು ಎರಡು ವಾರ ಮೊದಲೇ ತಂಡದ ಆಡಳಿತ ತನ್ನ ನಾಲ್ವರು ಅನುಭವಿ ಆಟಗಾರರನ್ನು ಬೇರೆ ತಂಡಗಳಿಗೆ ಬಿಟ್ಟುಕೊಟ್ಟಿತ್ತು. ಡೆಟ್ರಾಯಿಟ್‌ನ ಅಭಿಮಾನಿಗಳು ಈ ವರ್ಷವೂ ಇಷ್ಟೇ ಎಂದುಕೊಂಡಿದ್ದರು. ಹಾಗೆ ಅಂದುಕೊಳ್ಳಲು ಅವರಿಗೆ ಎಲ್ಲ ಕಾರಣವೂ ಇತ್ತು. 2014ರ ನಂತರ ಅವರು ಪ್ಲೇಆಫ್ ಮುಖವನ್ನೇ ಕಂಡಿರಲಿಲ್ಲ.

ಆ 44 ಪಂದ್ಯಗಳಲ್ಲಿ ಟೈಗರ್ಸ್ 31 ಗೆದ್ದರು, 13 ಸೋತರು. ಸೆಪ್ಟೆಂಬರ್ 27ರಂದು ತವರಿನ ಕೊಮೆರಿಕಾ ಪಾರ್ಕ್‌ನಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡವನ್ನು 4-1ರಿಂದ ಸೋಲಿಸಿ ಪ್ಲೇಆಫ್‌ಗೆ ಹೋದರು.

ಇದನ್ನು ಪವಾಡ ಎಂದು ಕರೆದು ಕೈತೊಳೆದುಕೊಂಡವರು ಬಹಳ ಮಂದಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಋತುವಿನ ಕೊನೆಗೆ ಬರುವ ತಂಡವೊಂದು ಆಟಗಾರರನ್ನು ಕೊಳ್ಳಬೇಕೋ ಮಾರಬೇಕೋ ಎಂಬುದರ ಬಗ್ಗೆಯೇ ಎಲ್ಲರೂ ಚರ್ಚಿಸುತ್ತಾರೆ. ನಾನು ಇಂದು ಹೇಳಬೇಕೆಂದಿರುವುದು, ಅದಕ್ಕಿಂತ ಹೆಚ್ಚು ತೂಕದ ಪ್ರಶ್ನೆ ಒಂದಿದೆ ಎಂದು. ಉಳಿದ ಪಂದ್ಯಗಳನ್ನು ಯಾರ ಕೈಗೆ ಕೊಡುತ್ತೀರಿ? 2024ರ ಡೆಟ್ರಾಯಿಟ್ ಆ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಬಿಡಿಸಿ ನೋಡೋಣ.

ಬೇಸ್‌ಬಾಲ್ ಅಷ್ಟಾಗಿ ನೋಡದವರೂ ಇಲ್ಲಿ ಇದ್ದೀರಿ. ನಿಮ್ಮಲ್ಲಿ ಕೆಲವರ ಮಕ್ಕಳು ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ ಊರುಗಳಲ್ಲಿದ್ದು ಕಾರು ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಅವರ ಮನೆಗೆ ಹೋದಾಗ ಮೊಮ್ಮಕ್ಕಳ ತಲೆಯ ಮೇಲೆ ಇಂಗ್ಲಿಷಿನ 'ಡಿ' ಅಕ್ಷರದ ನೀಲಿ ಟೊಪ್ಪಿಯನ್ನು ನೋಡಿದ್ದೀರಿ. ಅದೇ ತಂಡ ಇದು. ವ್ಯವಸ್ಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಅಮೆರಿಕನ್ ಲೀಗ್‌ನಲ್ಲಿ 15, ನ್ಯಾಷನಲ್ ಲೀಗ್‌ನಲ್ಲಿ 15. ಪ್ರತಿ ಲೀಗ್‌ನಲ್ಲಿ ಐದೈದು ತಂಡಗಳ ಮೂರು ವಿಭಾಗ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡಕ್ಕೆ 162 ಪಂದ್ಯ. 2022ರಿಂದ ಈಚೆಗೆ ಪ್ರತಿ ಲೀಗ್‌ನಿಂದ ಆರು ತಂಡಗಳಿಗೆ ಪ್ಲೇಆಫ್ ಪ್ರವೇಶವಿದೆ: ಮೂವರು ವಿಭಾಗ ವಿಜೇತರು, ಉಳಿದವರಲ್ಲಿ ಅತಿ ಹೆಚ್ಚು ಗೆದ್ದ ಮೂವರು. ಈ ಕೊನೆಯ ಮೂರು ಜಾಗಗಳಿಗೆ ವೈಲ್ಡ್ ಕಾರ್ಡ್ ಎಂದು ಹೆಸರು. ಆರನೆಯ ಜಾಗ ಹುಟ್ಟಿಕೊಂಡ ಮೇಲೆ ಸಾಧಾರಣ ತಂಡಗಳಿಗೂ ಸೆಪ್ಟೆಂಬರ್‌ವರೆಗೆ ಉಸಿರು ಉಳಿಯುತ್ತದೆ. ಆಡಳಿತಗಾರರ ತಲೆನೋವು ಶುರುವಾಗುವುದೂ ಅಲ್ಲಿಂದಲೇ.

ಏಕೆಂದರೆ ಆಟಗಾರರ ವಿನಿಮಯಕ್ಕೆ ಜುಲೈ ಕೊನೆಯಲ್ಲೇ ಗಡುವು ಮುಗಿಯುತ್ತದೆ. 2024ರಲ್ಲಿ ಅದು ಜುಲೈ 30ರ ಸಂಜೆ 6 ಗಂಟೆ. ಪ್ಲೇಆಫ್ ಆಸೆಯಿರುವ ತಂಡ ತನ್ನ ಕಿರಿಯ ಪ್ರತಿಭೆಗಳನ್ನು ಕೊಟ್ಟು ಅನುಭವಿಗಳನ್ನು ತರುತ್ತದೆ. ಆಸೆ ಬಿಟ್ಟ ತಂಡ ಅನುಭವಿಗಳನ್ನು, ಅದರಲ್ಲೂ ಆ ವರ್ಷಕ್ಕೆ ಒಪ್ಪಂದ ಮುಗಿಯುವವರನ್ನು ಕೊಟ್ಟು ಕಿರಿಯರನ್ನು ಪಡೆಯುತ್ತದೆ. ಎರಡು ತಿಂಗಳ ಆಟ ಬಾಕಿ ಇರುವಾಗ, ನಾಲ್ಕೈದು ಪಂದ್ಯಗಳಷ್ಟು ಹಿಂದೆ ಇರುವ ತಂಡ ಯಾವ ಕಡೆ ಹೋಗಬೇಕು? ಆ ಸಂಜೆ 6ರ ನಂತರ ತಿದ್ದಿಕೊಳ್ಳಲು ಬಹುಮಟ್ಟಿಗೆ ಅವಕಾಶವಿಲ್ಲ.

2018ರವರೆಗೆ ಆಗಸ್ಟ್‌ನಲ್ಲಿಯೂ ಒಂದು ಹಿಂಬಾಗಿಲು ಇತ್ತು. ಅದರ ಮೂಲಕ ನಡೆದ ಅತ್ಯಂತ ನೋವಿನ ವಿನಿಮಯ ಡೆಟ್ರಾಯಿಟ್‌ನದೇ. 2017ರ ಆಗಸ್ಟ್ 31ರ ಮಧ್ಯರಾತ್ರಿಗೆ ಇನ್ನೇನು ಗಡಿಯಾರ ಬಡಿಯಬೇಕು ಎನ್ನುವಾಗ ಟೈಗರ್ಸ್ ತಮ್ಮ ಮಹಾನ್ ಪಿಚರ್ (ಬ್ಯಾಟರ್ ಕಡೆಗೆ ಚೆಂಡು ಎಸೆಯುವವರು) ಜಸ್ಟಿನ್ ವರ್ಲ್ಯಾಂಡರ್ ಅವರನ್ನು ಹ್ಯೂಸ್ಟನ್ ಆಸ್ಟ್ರೋಸ್ ತಂಡಕ್ಕೆ ಕಳುಹಿಸಿದರು. ಬದಲಿಗೆ ಬಂದವರು ಮೂವರು ಕಿರಿಯರು. ವರ್ಲ್ಯಾಂಡರ್ ಅದೇ ವರ್ಷ ಹ್ಯೂಸ್ಟನ್‌ಗೆ ಎರಡೂ ಲೀಗ್‌ಗಳ ವಿಜೇತರು ಸೆಣಸುವ ವಿಶ್ವ ಸರಣಿ ಗೆಲ್ಲಲು ನೆರವಾದರು. ಡೆಟ್ರಾಯಿಟ್ 2019ರಲ್ಲಿ 114 ಪಂದ್ಯ ಸೋತಿತು. ಬಂದ ಮೂವರಲ್ಲಿ 2024ರ ಹೊತ್ತಿಗೆ ಡೆಟ್ರಾಯಿಟ್‌ನಲ್ಲಿ ಉಳಿದಿದ್ದವರು ಕ್ಯಾಚರ್ (ಪಿಚರ್ ಎಸೆತವನ್ನು ಬ್ಯಾಟರ್ ಹಿಂದೆ ಹಿಡಿಯುವವರು) ಜೇಕ್ ರಾಜರ್ಸ್ ಒಬ್ಬರೇ. ಈ ಹೆಸರನ್ನು ನೆನಪಿನಲ್ಲಿಡಿ, ಅಕ್ಟೋಬರ್‌ನಲ್ಲಿ ಬೇಕಾಗುತ್ತದೆ. ಡೆಟ್ರಾಯಿಟ್‌ನ ಅಭಿಮಾನಿಗೆ ಆಟಗಾರರ ಮಾರಾಟ ಎಂದರೆ ಹಳೆಯ ಗಾಯ ಎಂಬುದನ್ನೂ ಮರೆಯಬಾರದು.

ಈಗ 2024ರ ಜುಲೈ 30ಕ್ಕೆ ಬರೋಣ. ಟೈಗರ್ಸ್ ತಂಡದ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷ ಸ್ಕಾಟ್ ಹ್ಯಾರಿಸ್. ತಂಡದಲ್ಲಿ ಆ ವರ್ಷ ಬೆಲೆ ಬರಬಹುದಾದ ಪಿಚರ್‌ಗಳು ಇಬ್ಬರು. ಒಬ್ಬರು ಜ್ಯಾಕ್ ಫ್ಲಾಹರ್ಟಿ; 1 ಕೋಟಿ 40 ಲಕ್ಷ ಡಾಲರ್‌ಗೆ ಒಂದೇ ವರ್ಷದ ಒಪ್ಪಂದದಲ್ಲಿ ಬಂದು, ತಮ್ಮ ಹಳೆಯ ಲಯವನ್ನು ಮತ್ತೆ ಕಂಡುಕೊಂಡಿದ್ದರು. ಇನ್ನೊಬ್ಬರು ಎಡಗೈ ಪಿಚರ್ ತಾರಿಕ್ ಸ್ಕೂಬಲ್. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆಯ್ದುಕೊಳ್ಳುವ 2018ರ ಡ್ರಾಫ್ಟ್‌ನ ಒಂಬತ್ತನೆಯ ಸುತ್ತಿನಲ್ಲಿ ಆಯ್ಕೆಯಾದವರು, 2022ರಲ್ಲಿ ಮುಂಗೈಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದವರು, ಆ ವರ್ಷ ಇಡೀ ಲೀಗ್‌ನಲ್ಲೇ ಎದುರಿಲ್ಲದಂತೆ ಎಸೆಯುತ್ತಿದ್ದವರು. ಸ್ಕೂಬಲ್ ಅವರನ್ನೂ ಮಾರಿಬಿಡುತ್ತಾರೆ ಎಂಬ ಸುದ್ದಿ ಜುಲೈ ಪೂರ್ತಿ ಹಬ್ಬಿತ್ತು. ಅವರನ್ನು ಕೊಟ್ಟಿದ್ದರೆ ಮೂರ್ನಾಲ್ಕು ಒಳ್ಳೆಯ ಕಿರಿಯರು ಸಿಗುತ್ತಿದ್ದರು, ಸಂಶಯವಿಲ್ಲ.

ಹ್ಯಾರಿಸ್ ಫ್ಲಾಹರ್ಟಿಯನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟರು. ಬ್ಯಾಟರ್ ಮಾರ್ಕ್ ಕ್ಯಾನಾ ಸ್ಯಾನ್ ಫ್ರಾನ್ಸಿಸ್ಕೊಗೆ, ಕ್ಯಾಚರ್ ಕಾರ್ಸನ್ ಕೆಲ್ಲಿ ಮತ್ತು ಎಡಗೈ ಪಿಚರ್ ಆ್ಯಂಡ್ರೂ ಚೇಫಿನ್ ಟೆಕ್ಸಸ್‌ಗೆ ಹೋದರು. ಸ್ಕೂಬಲ್ ಉಳಿದರು. ನನ್ನ ಮಟ್ಟಿಗೆ ಆ ವರ್ಷದ ಅತಿ ದೊಡ್ಡ ನಿರ್ಧಾರ ಈ ಕೊನೆಯದು. ಉಳಿಸಿಕೊಂಡವರ ಬಗ್ಗೆ ಯಾರೂ ಪತ್ರಿಕಾಗೋಷ್ಠಿ ಕರೆಯುವುದಿಲ್ಲ, ಅದಕ್ಕೇ ಇಂಥ ನಿರ್ಧಾರ ಕಣ್ಣಿಗೆ ಬೀಳುವುದಿಲ್ಲ. ಸ್ಕೂಬಲ್ ಆ ವರ್ಷ 18 ಗೆಲುವು, ಒಂಬತ್ತು ಇನಿಂಗ್ಸ್‌ಗೆ 2.39 ರನ್ ಬಿಟ್ಟುಕೊಟ್ಟ ಸರಾಸರಿ, ಮೂರು ಸ್ಟ್ರೈಕ್ ಎಸೆದು ಔಟ್ ಮಾಡಿದ 228 ಸ್ಟ್ರೈಕ್‌ಔಟ್‌ಗಳೊಂದಿಗೆ ಮೂರರಲ್ಲೂ ಅಮೆರಿಕನ್ ಲೀಗ್‌ನ ಮೊದಲ ಸ್ಥಾನ ಪಡೆದರು, ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನೂ ಗೆದ್ದರು.

ಫ್ಲಾಹರ್ಟಿಗೆ ಬದಲಾಗಿ ಇಬ್ಬರು ಬಂದರು. ಥೇರನ್ ಲಿರಾನ್ಸೊ ಎಂಬ ಕಿರಿಯ ಕ್ಯಾಚರ್, ಸುದ್ದಿಯೆಲ್ಲ ಅವರದೇ. ಜೊತೆಗೆ ಟ್ರೇ ಸ್ವೀನಿ ಎಂಬ, ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ಕಾಯುವ ಶಾರ್ಟ್‌ಸ್ಟಾಪ್. ಸ್ವೀನಿ ಮೊದಲು ನ್ಯೂಯಾರ್ಕ್ ಯಾಂಕೀಸ್ ಆಯ್ದುಕೊಂಡಿದ್ದ ಹುಡುಗ, ಅಲ್ಲಿಂದ ಡಾಡ್ಜರ್ಸ್, ಅಲ್ಲಿಂದ ಡೆಟ್ರಾಯಿಟ್. ಮೂರನೆಯ ಸಂಸ್ಥೆಯ ಬಾಗಿಲಲ್ಲಿ ನಿಂತಿದ್ದರೂ ಒಂದೂ ಮೇಜರ್ ಲೀಗ್ ಪಂದ್ಯ ಆಡಿರಲಿಲ್ಲ.

ಆ ಹೊತ್ತಿಗೆ ಟೈಗರ್ಸ್ ಬಳಿ ಶಾರ್ಟ್‌ಸ್ಟಾಪ್ ಜಾಗಕ್ಕೆ ಇದ್ದವರು ಹಾವಿಯೆರ್ ಬಾಯೆಜ್. ಆರು ವರ್ಷಕ್ಕೆ 14 ಕೋಟಿ ಡಾಲರ್ ಒಪ್ಪಂದ. ಬೆನ್ನು ಮತ್ತು ಸೊಂಟದ ನೋವಿನಲ್ಲಿ ಬ್ಯಾಟು ಬೀಸಲೂ ಕಷ್ಟಪಡುತ್ತಿದ್ದ ಅವರ ಋತು ಆಗಸ್ಟ್‌ನಲ್ಲೇ ಮುಗಿದು, ಸೊಂಟದ ಶಸ್ತ್ರಚಿಕಿತ್ಸೆಗೆ ಹೋದರು. ಆ ಮೈದಾನದ ನಡುವಿನ ಜಾಗ, ಅತಿ ಹೆಚ್ಚು ಚೆಂಡು ಬರುವ ಜಾಗ, ಸ್ವೀನಿಯ ಪಾಲಿಗೆ ಬಂತು. ಆಗಸ್ಟ್ 16ರಂದು ಅವರನ್ನು ಟೊಲಿಡೊದಿಂದ ಕರೆಸಿಕೊಂಡರು. ಟೊಲಿಡೊ ಓಹಾಯೊ ರಾಜ್ಯದ ಊರು, ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರ. ಟೈಗರ್ಸ್‌ನ ಎರಡನೆಯ ಹಂತದ ತಂಡ ಮಡ್ ಹೆನ್ಸ್ ಅಲ್ಲಿ ಆಡುತ್ತದೆ. ಅದೇ ದಿನ ಜೇಸ್ ಯಂಗ್ ಎಂಬ ಇನ್ನೊಬ್ಬ ಹೊಸಬರೂ ಬಂದರು. ಮರುದಿನ ಸ್ಪೆನ್ಸರ್ ಟೊರ್ಕಲ್ಸನ್ ವಾಪಸು ಬಂದರು. ಟೊರ್ಕಲ್ಸನ್ 2020ರ ಡ್ರಾಫ್ಟ್‌ನಲ್ಲಿ ಇಡೀ ದೇಶದಲ್ಲೇ ಮೊದಲನೆಯವರಾಗಿ ಆಯ್ಕೆಯಾದವರು, 2023ರಲ್ಲಿ 31 ಹೋಮ್ ರನ್ (ಬೇಲಿ ದಾಟುವ ಹೊಡೆತ) ಹೊಡೆದವರು. 2024ರ ಜೂನ್‌ನಲ್ಲಿ ಅವರ ಬ್ಯಾಟು ಮೌನವಾದಾಗ ಹಿಂದೆಮುಂದೆ ನೋಡದೆ ಟೊಲಿಡೊಗೆ ಇಳಿಸಿದ್ದರು. ಸೆಂಟರ್ ಫೀಲ್ಡರ್ ಪಾರ್ಕರ್ ಮೆಡೋಸ್ ಅವರಿಗೂ ಮೇ ತಿಂಗಳಲ್ಲಿ ಅದೇ ಗತಿಯಾಗಿತ್ತು. ಅವರೂ ಆಗಸ್ಟ್‌ಗೆ ಮರಳಿದ್ದರು.

ಇಳಿಸುವುದು ಸುಲಭ. ಇಳಿಸಿದವರನ್ನು, ಸೋಲುತ್ತಿರುವ ತಂಡದಲ್ಲಿ, ಒಂದು ಲೆಕ್ಕಕ್ಕೆ ಮುಗಿದುಹೋದ ಋತುವಿನಲ್ಲಿ ವಾಪಸು ಕರೆದು, ಪ್ರತಿದಿನ ಆಡಿಸುವುದಕ್ಕೆ ಗಟ್ಟಿ ಮನಸ್ಸು ಬೇಕು. ಕ್ಯಾನಾ ಇದ್ದಿದ್ದರೆ, ಕೆಲ್ಲಿ ಇದ್ದಿದ್ದರೆ, ಈ ಹುಡುಗರಲ್ಲಿ ಒಬ್ಬಿಬ್ಬರಾದರೂ ಬೆಂಚಿನಲ್ಲಿ ಕೂರುತ್ತಿದ್ದರು ಅಥವಾ ಟೊಲಿಡೊದಲ್ಲೇ ಉಳಿಯುತ್ತಿದ್ದರು. ಸಕ್ರಿಯ ಪಟ್ಟಿಯಲ್ಲಿ 26 ಹೆಸರಿಗಷ್ಟೇ ಜಾಗ, ಸೆಪ್ಟೆಂಬರ್‌ನಲ್ಲಿ 28. ಒಬ್ಬರು ಬರಬೇಕಾದರೆ ಒಬ್ಬರು ಹೋಗಲೇಬೇಕು. ಮಾರಾಟದಿಂದ ಡೆಟ್ರಾಯಿಟ್‌ಗೆ ತಕ್ಷಣ ಸಿಕ್ಕ ಲಾಭ ಈ ಜಾಗ.

ಆಗಸ್ಟ್ 18ರಂದು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಯಾಂಕೀಸ್ ವಿರುದ್ಧದ ಪಂದ್ಯ. ಅದು ಬಾಲಕರ ವಿಶ್ವ ಸರಣಿ ನಡೆಯುವ ಊರು, ಗ್ಯಾಲರಿಯಲ್ಲಿ ಮಕ್ಕಳೇ ತುಂಬಿರುತ್ತಾರೆ. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಯಂಗ್ ಹೊಡೆದ ಹೊಡೆತಕ್ಕೆ ಸ್ಕೋರು ಸಮವಾಯಿತು. ಹತ್ತನೆಯದರಲ್ಲಿ ಮೆಡೋಸ್ ಹೊಡೆತಕ್ಕೆ 3-2ರಿಂದ ಪಂದ್ಯ ಮುಗಿಯಿತು. ಮೇಜರ್ ಲೀಗ್‌ಗೆ ಬಂದು ಎರಡು ದಿನವಾದವನು ಒಬ್ಬ, ಮೇ ತಿಂಗಳಲ್ಲಿ ಲೆಕ್ಕದಿಂದ ಹೊರಗೆ ಬಿದ್ದವನು ಇನ್ನೊಬ್ಬ.

ಇನ್ನು ಪಿಚಿಂಗ್. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಇಲ್ಲಿ.

ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂಬತ್ತು ಇನಿಂಗ್ಸ್‌ಗಳಲ್ಲಿ, ಮೂರು ಮೂರರಂತೆ, 27 ಔಟ್ ಪಡೆಯಬೇಕು. ವಾಡಿಕೆಯಂತೆ ಆರಂಭದ ಪಿಚರ್ ಐದಾರು ಇನಿಂಗ್ಸ್ ಎಸೆಯುತ್ತಾರೆ. ನಂತರ ನಾಲ್ಕೈದು ದಿನ ವಿಶ್ರಾಂತಿ. ಹೀಗಾಗಿ ಐವರು ಆರಂಭಿಕ ಪಿಚರ್‌ಗಳು ಸರದಿಯಲ್ಲಿ ಇರುತ್ತಾರೆ. ಡೆಟ್ರಾಯಿಟ್‌ನ ಸರದಿ ಆಗಸ್ಟ್‌ನಲ್ಲಿ ಚೂರುಚೂರಾಗಿತ್ತು. ಫ್ಲಾಹರ್ಟಿ ಹೋಗಿದ್ದರು. ರೀಸ್ ಓಲ್ಸನ್‌ಗೆ ಭುಜದ ಗಾಯ, ಕೇಸಿ ಮೈಜ್‌ಗೆ ತೊಡೆಯ ಸ್ನಾಯು ನೋವು. 2 ಕೋಟಿ 40 ಲಕ್ಷ ಡಾಲರ್‌ಗೆ ಎರಡು ವರ್ಷಕ್ಕೆ ಬಂದಿದ್ದ ಕೆಂಟಾ ಮಯೆಡಾ ಲಯ ತಪ್ಪಿ ಬುಲ್‌ಪೆನ್‌ಗೆ, ಅಂದರೆ ನಡುವೆ ಬಂದು ಎಸೆಯುವವರ ಸಾಲಿಗೆ ಸರಿದಿದ್ದರು. ವಾಡಿಕೆಯ ಆರಂಭಿಕ ಎನ್ನಬಹುದಾದವರು ಸ್ಕೂಬಲ್. ಅವರ ಹಿಂದೆ ವೆನೆಜುವೆಲಾದ ಹೊಸಬ ಕೈಡರ್ ಮೊಂಟೆರೊ. ಐದರಲ್ಲಿ ಮೂರು ದಿನ ಖಾಲಿ.

ವ್ಯವಸ್ಥಾಪಕ ಎ. ಜೆ. ಹಿಂಚ್ ಆ ಖಾಲಿ ದಿನಗಳಿಗೆ ಕಂಡುಕೊಂಡ ಉಪಾಯಕ್ಕೆ ಅವರೇ ಇಟ್ಟ ಹೆಸರು 'ಪಿಚಿಂಗ್ ಕೇಯಾಸ್'. ಹೊರಗಿನವರಿಗೆ ಅದು ಗೊಂದಲದಂತೆಯೇ ಕಂಡಿತು. ಒಳಗೆ ಕಟ್ಟುನಿಟ್ಟಾದ ಲೆಕ್ಕವಿತ್ತು. ಒಬ್ಬರು ಒಂದೋ ಎರಡೋ ಇನಿಂಗ್ಸ್ ಎಸೆದು ಇಳಿಯುತ್ತಾರೆ. ಎದುರಾಳಿ ಎಡಗೈ ಪಿಚರ್‌ಗಾಗಿ ಬಲಗೈ ಬ್ಯಾಟರ್‌ಗಳ ಸಾಲು ಕಟ್ಟಿಕೊಂಡು ಬಂದರೆ, ಅಷ್ಟರಲ್ಲಿ ಬಲಗೈ ಪಿಚರ್ ಮೈದಾನದಲ್ಲಿರುತ್ತಾರೆ. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಬಂದ ಆಟಗಾರ ಮತ್ತೆ ಒಳಗೆ ಹೋಗುವಂತಿಲ್ಲ, ಹಾಗಾಗಿ ಎದುರಾಳಿಯೂ ತನ್ನ ಬೆಂಚನ್ನು ಬೇಗ ಬಳಸಿ ಮುಗಿಸುವಂತಿಲ್ಲ. ಒಬ್ಬನೇ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮೂರನೆಯ ಸಲ ಎದುರಿಸುವಾಗ ಬ್ಯಾಟರ್‌ಗಳ ಆಟ ಸುಧಾರಿಸುತ್ತದೆ ಎಂಬುದು ದಶಕಗಳ ಅಂಕಿಅಂಶ ತೋರಿಸಿರುವ ಮಾತು. ಹಿಂಚ್ ಆ ಮೂರನೆಯ ಸಲವನ್ನೇ ಎದುರಾಳಿಗೆ ಕೊಡಲಿಲ್ಲ. 2020ರ ನಿಯಮದ ಪ್ರಕಾರ ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು ಅಥವಾ ಎದುರಾಳಿಯ ಆ ಇನಿಂಗ್ಸ್ ಮುಗಿಸಬೇಕು. ಆ ಚೌಕಟ್ಟಿನೊಳಗೇ ಇಡೀ ಪಂದ್ಯವನ್ನು ತುಂಡು ತುಂಡಾಗಿ ಹೆಣೆದರು.

ಹೆಣೆಯಲು ಇದ್ದ ಎಳೆಗಳಾದರೂ ಎಂಥವು? ಟೈಲರ್ ಹೋಲ್ಟನ್ ಅವರನ್ನು ಅರಿಜೋನಾ ಬೇಡವೆಂದು ಬಿಟ್ಟಾಗ 2023ರ ಆರಂಭದಲ್ಲಿ ಡೆಟ್ರಾಯಿಟ್ ಎತ್ತಿಕೊಂಡಿತ್ತು. ಬೋ ಬ್ರೀಸ್ಕಿ 2019ರ ಡ್ರಾಫ್ಟ್‌ನ 27ನೆಯ ಸುತ್ತಿನಲ್ಲಿ ಸಿಕ್ಕವರು. ಈಗ ಡ್ರಾಫ್ಟ್‌ನಲ್ಲಿ ಇರುವುದೇ 20 ಸುತ್ತು. ವಿಲ್ ವೆಸ್ಟ್ ಅವರನ್ನು ಸಿಯಾಟಲ್ ಒಮ್ಮೆ ಒಯ್ದು, ಸಾಲದೆಂದು ಹಿಂದಕ್ಕೆ ಕಳುಹಿಸಿತ್ತು. ಬ್ರ್ಯಾಂಟ್ ಹರ್ಟರ್ ಆಗಸ್ಟ್‌ನಲ್ಲಷ್ಟೇ ಮೇಲೆ ಬಂದವರು. ಬೇರೆಯವರು ಕೈಬಿಟ್ಟವರು, ಯಾರೂ ಕೇಳದವರು ಸೇರಿ ಆ ಖಾಲಿ ದಿನಗಳನ್ನು ಹಂಚಿಕೊಂಡರು. ಇವರ ಬಗ್ಗೆ ಮಾತನಾಡುವಾಗ ನನಗೆ ಹೆಮ್ಮೆ ತಡೆಯುವುದಿಲ್ಲ.

ಸೆಪ್ಟೆಂಬರ್ 13ರಂದು ಬಾಲ್ಟಿಮೋರ್ ಓರಿಯೋಲ್ಸ್ ಡೆಟ್ರಾಯಿಟ್‌ಗೆ ಬಂದಿತ್ತು. ಅವರು ಪ್ಲೇಆಫ್‌ಗೆ ಹೋಗುವ ತಂಡ, ಬ್ಯಾಟಿಂಗ್‌ನಲ್ಲಿ ಎತ್ತಿದ ಕೈ. ಡೆಟ್ರಾಯಿಟ್‌ನ ಪಿಚರ್‌ಗಳು ಒಬ್ಬರಾದ ಮೇಲೆ ಒಬ್ಬರು ಬಂದರು, ಎಸೆದರು, ಇಳಿದರು. ಇನಿಂಗ್ಸ್‌ಗಳು ಉರುಳಿದವು, ಬಾಲ್ಟಿಮೋರ್‌ಗೆ ಒಂದೂ ಹಿಟ್ (ಹೊಡೆದು ಬೇಸ್ ತಲುಪುವುದು) ಇಲ್ಲ. ಒಂಬತ್ತನೆಯದರಲ್ಲಿ ಎರಡು ಔಟ್ ಆದವು, ಆಗಲೂ ಇಲ್ಲ. ಇನ್ನೊಂದು ಔಟ್ ಸಿಕ್ಕಿದ್ದರೆ ಹಲವರು ಸೇರಿ ಬರೆದ ನೋ-ಹಿಟರ್ ಆಗುತ್ತಿತ್ತು. ಗನ್ನರ್ ಹೆಂಡರ್ಸನ್ ಹೋಲ್ಟನ್ ಎಸೆತವನ್ನು ಹೊಡೆದು ಮೂರನೆಯ ಬೇಸ್‌ವರೆಗೆ ಓಡಿದರು. ಡೆಟ್ರಾಯಿಟ್‌ನ ಮುನ್ನಡೆ ಬರೀ ಒಂದು ರನ್. ಕ್ರೀಡಾಂಗಣ ಎದ್ದು ನಿಂತಿತ್ತು. ಸಮಬಲದ ರನ್ ಮೂರನೆಯ ಬೇಸ್‌ನಲ್ಲಿರುವಾಗಲೇ ಹೋಲ್ಟನ್ ಮುಂದಿನ ಔಟ್ ಪಡೆದರು, 1-0. ದಾಖಲೆ ತಪ್ಪಿತು, ಪಂದ್ಯ ಉಳಿಯಿತು.

ಅದಕ್ಕೂ ವಾರದ ಹಿಂದೆ, ಸೆಪ್ಟೆಂಬರ್ 5ರಂದು, ಸ್ಯಾನ್ ಡಿಯಾಗೊದಲ್ಲಿ ಇನ್ನೊಂದು ಸಂಜೆ ಬಂದಿತ್ತು. ಒಂಬತ್ತನೆಯ ಇನಿಂಗ್ಸ್, ಡೆಟ್ರಾಯಿಟ್ 0-3ರಿಂದ ಹಿಂದೆ, ಎರಡು ಔಟ್. ಆ ಊರಿನ ತಂಡ ಪ್ಯಾಡ್ರೆಸ್‌ನ ಮುಕ್ತಾಯದ ಪಿಚರ್ ರಾಬರ್ಟ್ ಸುವಾರೆಜ್ ಎದುರಿಗೆ ಮೂರೂ ಬೇಸ್‌ಗಳಲ್ಲಿ ಟೈಗರ್ಸ್ ಓಟಗಾರರು. ಬ್ಯಾಟಿಗೆ ಬಂದವರು ಮೆಡೋಸ್. ಚೆಂಡು ಬೇಲಿ ದಾಟಿತು. 4-3. ಈ ತಂಡ ನಿಜವಾಗಿಯೂ ಬರುತ್ತಿದೆ ಎಂದು ಬೇರೆ ಊರಿನವರು ಕಣ್ಣೆತ್ತಿ ನೋಡತೊಡಗಿದ್ದು ಅಂದಿನಿಂದ.

ಅದೇ 2024ರಲ್ಲಿ ನಮ್ಮ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದು, ಆಮೇಲೆ ಸತತ ಆರು ಗೆದ್ದು, ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ಪ್ಲೇಆಫ್‌ಗೆ ಹೋದದ್ದು ನಿಮಗೆಲ್ಲ ಗೊತ್ತು. ಆ ಮೂರು ವಾರ ಬೆಂಗಳೂರು ಅನುಭವಿಸಿದ ಎದೆಬಡಿತವನ್ನು ಡೆಟ್ರಾಯಿಟ್ ಏಳು ವಾರ ಅನುಭವಿಸಿತು, ಹೆಚ್ಚುಕಡಿಮೆ ಪ್ರತಿದಿನ.

ಟೈಗರ್ಸ್ ಆಡುವ ಅಮೆರಿಕನ್ ಲೀಗ್ ಸೆಂಟ್ರಲ್ ವಿಭಾಗದ ಉಳಿದ ನಾಲ್ಕು ತಂಡಗಳು ಅದೇ ಜುಲೈನಲ್ಲಿ ಏನು ಮಾಡಿದವು ಎಂಬುದನ್ನು ನೋಡಿದರೆ ಕೊಳ್ಳುವುದೇ ಸರಿ, ಮಾರುವುದೇ ಸರಿ ಎಂದು ಅಡ್ಡಗೆರೆ ಎಳೆದು ಹೇಳುವುದು ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ. 2023ರಲ್ಲಿ 106 ಪಂದ್ಯ ಸೋತಿದ್ದ ಕ್ಯಾನ್ಸಸ್ ಸಿಟಿ ರಾಯಲ್ಸ್ ಧೈರ್ಯವಾಗಿ ಕೊಂಡಿತು. ಪಿಚರ್‌ಗಳಾದ ಲೂಕಸ್ ಅರ್ಸೆಗ್, ಮೈಕಲ್ ಲೊರೆನ್ಜೆನ್ ಬಂದರು. ಡೆಟ್ರಾಯಿಟ್ ಮಾರಿತು. ಋತು ಮುಗಿದಾಗ ಎರಡೂ ತಂಡಗಳ ಲೆಕ್ಕ ಒಂದೇ: 86 ಗೆಲುವು, 76 ಸೋಲು. ಎರಡೂ ಪ್ಲೇಆಫ್‌ಗೆ ಹೋದವು.

ನನಗೆ ಮರುಕ ಹುಟ್ಟಿಸುವುದು ಮಿನ್ನೆಸೋಟ ಟ್ವಿನ್ಸ್. ಆಗಸ್ಟ್ 17ರಂದು ಅವರದು 70 ಗೆಲುವು, 53 ಸೋಲು; ಎಲ್ಲರಿಗಿಂತ ಭದ್ರವಾಗಿ ಕಾಣುತ್ತಿದ್ದವರು. ಗಡುವಿನಲ್ಲಿ ಅವರು ತಂದದ್ದು ಟ್ರೆವರ್ ರಿಚರ್ಡ್ಸ್ ಎಂಬ ಒಬ್ಬರೇ ಬುಲ್‌ಪೆನ್ ಪಿಚರ್‌ನನ್ನು, ಅವರನ್ನೂ ತಿಂಗಳೊಳಗೆ ಪಟ್ಟಿಯಿಂದ ತೆಗೆದರು. ಕೊನೆಯ 39 ಪಂದ್ಯಗಳಲ್ಲಿ 12 ಗೆದ್ದು 27 ಸೋತು, 82-80ಕ್ಕೆ ಕುಸಿದು ಮನೆಗೆ ಹೋದರು. ಮಾಲೀಕರು ಖರ್ಚು ಬಿಗಿಹಿಡಿದಿದ್ದರು. ಆಟಗಾರರು ದಣಿದಾಗ ಹಿಂದಿನಿಂದ ಕೈಕೊಡಲು ಯಾರೂ ಇರಲಿಲ್ಲ. ಮುಂದಿದ್ದವರು ನಿಂತಲ್ಲೇ ನಿಂತರೆ ಏನಾಗುತ್ತದೆ ಎಂಬುದನ್ನು ಆ ಅಭಿಮಾನಿಗಳು ಒಂದೊಂದೇ ಸೋಲಾಗಿ ಅನುಭವಿಸಿದರು. ವೈಟ್ ಸಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೆಟ್ರಾಯಿಟ್ ಪ್ಲೇಆಫ್ ಖಚಿತಪಡಿಸಿಕೊಂಡ ಸೆಪ್ಟೆಂಬರ್ 27ರ ಆ ಸೋಲು ಅವರ 121ನೆಯದು, ಆಧುನಿಕ ಯುಗದಲ್ಲಿ ಒಂದೇ ಋತುವಿನ ಅತಿ ಹೆಚ್ಚು ಸೋಲು. ವಿಭಾಗ ಗೆದ್ದ ಕ್ಲೀವ್‌ಲೆಂಡ್ ಗಾರ್ಡಿಯನ್ಸ್ ವಾಷಿಂಗ್ಟನ್‌ನಿಂದ ಲೇನ್ ಥಾಮಸ್ ಎಂಬ ಬ್ಯಾಟರ್‌ನನ್ನು ತಂದಿತ್ತು. ಬಂದ ಹೊಸತರಲ್ಲಿ ಅವರ ಬ್ಯಾಟು ಓಡದೆ ಅಲ್ಲಿನವರು ಗೊಣಗುತ್ತಿದ್ದರು.

ಕೊಂಡು ಕೆಟ್ಟವರ ಉದಾಹರಣೆ ಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. 2023ರಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡದಲ್ಲಿ ಶೋಹೈ ಒಹ್ತಾನಿ ಇದ್ದರು, ಒಪ್ಪಂದದ ಕೊನೆಯ ವರ್ಷ. ಅವರನ್ನು ಮಾರುವುದಿಲ್ಲ ಎಂದು ನಿರ್ಧರಿಸಿದ ಆಡಳಿತ, ಕಿರಿಯರನ್ನು ಕೊಟ್ಟು ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಮೊದಲಾದವರನ್ನು ತಂದಿತು. ಆ ನಿರ್ಧಾರ ಹೊರಬಿದ್ದ ಮರುದಿನ, ಜುಲೈ 27ರಂದು, ಡೆಟ್ರಾಯಿಟ್‌ನಲ್ಲೇ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ಒಹ್ತಾನಿ ಒಂದೇ ಹಿಟ್ ಬಿಟ್ಟುಕೊಟ್ಟು ಪೂರ್ತಿ ಪಂದ್ಯ ಎಸೆದರು, ಎರಡನೆಯದರಲ್ಲಿ ಎರಡು ಹೋಮ್ ರನ್ ಹೊಡೆದರು. ಅಂಥ ಆಟಗಾರನನ್ನು ಕೈಬಿಡಲು ಯಾರಿಗೆ ಮನಸ್ಸು ಬಂದೀತು? ಆದರೆ ಆಗಸ್ಟ್ ಆರಂಭದಲ್ಲಿ ತಂಡ ಸತತ ಏಳು ಪಂದ್ಯ ಸೋತಿತು, ಆಗಸ್ಟ್ 23ರಂದು ಒಹ್ತಾನಿಯ ಮೊಣಕೈ ಗಾಯ ಗೊತ್ತಾಯಿತು. ತಿಂಗಳ ಕೊನೆಗೆ ಜಿಯೊಲಿಟೊ, ಲೋಪೆಜ್ ಸೇರಿ ಆರು ಆಟಗಾರರನ್ನು ಯಾರಾದರೂ ಎತ್ತಿಕೊಳ್ಳಲಿ ಎಂದು ಪುಕ್ಕಟೆ ಬಿಟ್ಟರು. 73-89. ಒಹ್ತಾನಿ ಡಿಸೆಂಬರ್‌ನಲ್ಲಿ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದರು. ಏಂಜಲ್ಸ್ ಆಸೆಪಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಹೊಸಬರನ್ನು ತಂದು ಎರಡು ಕಡೆ ತೇಪೆ ಹಾಕಿದರೂ, ಉಳಿದ ಪಟ್ಟಿಯಲ್ಲಿ ಗಾಯವಾದಾಗ ಮೇಲೆ ಬಂದು ನಿಲ್ಲುವವರು ಇರಲಿಲ್ಲ. ಡೆಟ್ರಾಯಿಟ್‌ಗೆ ಟೊಲಿಡೊ ಇತ್ತು.

ಅಕ್ಟೋಬರ್‌ಗೆ ಬರೋಣ. ಆರನೆಯ ಜಾಗದ ಟೈಗರ್ಸ್‌ಗೆ ಎದುರಾದದ್ದು ಹ್ಯೂಸ್ಟನ್ ಆಸ್ಟ್ರೋಸ್. ಅದಕ್ಕೂ ಹಿಂದಿನ ಏಳು ಋತುಗಳಲ್ಲಿ ಸತತವಾಗಿ ಲೀಗ್ ಫೈನಲ್ ತಲುಪಿದ್ದ ತಂಡ. ಹಿಂಚ್ 2017ರಲ್ಲಿ ಅಲ್ಲೇ ವ್ಯವಸ್ಥಾಪಕರಾಗಿ ವಿಶ್ವ ಸರಣಿ ಗೆದ್ದಿದ್ದವರು, ಎದುರಾಳಿ ಕ್ಯಾಚರ್ ಪಿಚರ್‌ಗೆ ಮಾಡುವ ಸಂಜ್ಞೆ ಕದ್ದ ಹಗರಣದಲ್ಲಿ ಒಂದು ವರ್ಷ ಅಮಾನತಾಗಿ ಕೆಲಸ ಕಳೆದುಕೊಂಡದ್ದೂ ಅಲ್ಲೇ. ಮೂರು ಪಂದ್ಯಗಳ ಸರಣಿ, ಎಲ್ಲವೂ ಹ್ಯೂಸ್ಟನ್‌ನಲ್ಲೇ. ಅಕ್ಟೋಬರ್ 1ರಂದು ಸ್ಕೂಬಲ್ ಆರು ಇನಿಂಗ್ಸ್‌ನಲ್ಲಿ ಒಂದೂ ರನ್ ಕೊಡಲಿಲ್ಲ, 3-1. ಬ್ಯಾಟರ್ ಹಿಂದೆ ಕುಳಿತು ಅವರ ಎಸೆತಗಳನ್ನು ಹಿಡಿದವರು ಜೇಕ್ ರಾಜರ್ಸ್, ವರ್ಲ್ಯಾಂಡರ್ ಹೋದಾಗ ಹ್ಯೂಸ್ಟನ್‌ನಿಂದ ಬಂದ ಹುಡುಗ. ಮತ್ತೆ ಹ್ಯೂಸ್ಟನ್ ಸೇರಿದ್ದ ವರ್ಲ್ಯಾಂಡರ್‌ಗೆ ಆ ಸರಣಿಯ ಪಟ್ಟಿಯಲ್ಲಿ ಜಾಗವೇ ಸಿಕ್ಕಿರಲಿಲ್ಲ.

ಎರಡನೆಯ ಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ ಹ್ಯೂಸ್ಟನ್ 2-1ರಿಂದ ಮುಂದಿತ್ತು. ರಯಾನ್ ಪ್ರೆಸ್ಲಿ ಅವರ ದಾರಿತಪ್ಪಿದ ಎಸೆತದಿಂದ ಸ್ಕೋರು ಸಮವಾಯಿತು. ಐದು ವರ್ಷಕ್ಕೆ 9 ಕೋಟಿ 50 ಲಕ್ಷ ಡಾಲರ್‌ಗೆ ತಂದಿದ್ದ ಎಡಗೈ ಪಿಚರ್ ಜೋಶ್ ಹೇಡರ್ ಬಂದರು. ಮೂರೂ ಬೇಸ್ ತುಂಬಿದ್ದವು. ಹಿಂಚ್ ಬೆಂಚಿನಿಂದ ಬಲಗೈ ಬ್ಯಾಟರ್ ಆ್ಯಂಡಿ ಇಬಾನ್ಯೆಜ್ ಅವರನ್ನು ಕಳುಹಿಸಿದರು. ಎಡಗೈ ಪಿಚರ್‌ಗಳಿಗೆ ಚೆನ್ನಾಗಿ ಆಡುತ್ತಾರೆ ಎಂಬ ಒಂದೇ ಕಾರಣಕ್ಕೆ ಋತುವಿಡೀ ಪಟ್ಟಿಯಲ್ಲಿ ಉಳಿಸಿಕೊಂಡಿದ್ದ ಆಟಗಾರ ಅವರು. ಚೆಂಡು ಎಡಬದಿಯ ಗೆರೆಯುದ್ದಕ್ಕೂ ಓಡಿತು, ಮೂವರೂ ಓಡಿಬಂದರು. 5-2. ಪಟ್ಟಿಯ ಕೊನೆಯ ಹೆಸರನ್ನೂ ಏಕೆ ಉಳಿಸಿಕೊಂಡಿದ್ದೇವೆ ಎಂದು ತಿಳಿದಿರುವ ತಂಡಕ್ಕೆ ಮಾತ್ರ ಇಂಥ ಕ್ಷಣ ಒದಗಿಬರುತ್ತದೆ.

ಮುಂದಿನ ಸರಣಿಯಲ್ಲಿ ಕ್ಲೀವ್‌ಲೆಂಡ್. ಎರಡನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕೆರಿ ಕಾರ್ಪೆಂಟರ್, ಲೀಗ್ ಹಂತದುದ್ದಕ್ಕೂ ತನ್ನ ಲೆಕ್ಕಕ್ಕೆ ಐದೇ ರನ್ ಬಿಟ್ಟಿದ್ದ ಎಮಾನ್ಯುಯೆಲ್ ಕ್ಲಾಸೆ ಅವರ ಒಂದು ಎಸೆತವನ್ನು ಮೂರು ರನ್‌ಗಳ ಹೋಮ್ ರನ್ ಆಗಿ ಹೊಡೆದರು. ನಾಲ್ಕು ಪಂದ್ಯ ಮುಗಿದಾಗ ಐದು ಪಂದ್ಯಗಳ ಆ ಸರಣಿ 2-2 ಆಗಿತ್ತು. ಅಕ್ಟೋಬರ್ 12ರ ಐದನೆಯ ಪಂದ್ಯಕ್ಕೆ ಸ್ಕೂಬಲ್. ಐದನೆಯ ಇನಿಂಗ್ಸ್, 1-1, ಮೂರೂ ಬೇಸ್‌ಗಳಲ್ಲಿ ಓಟಗಾರರು. ಬ್ಯಾಟಿಗೆ ಬಂದವರು ಲೇನ್ ಥಾಮಸ್, ಜುಲೈನಲ್ಲಿ ತಂದಿದ್ದ ಅದೇ ಬ್ಯಾಟರ್. ಮೊದಲ ಎಸೆತಕ್ಕೇ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. 7-3ರಿಂದ ಡೆಟ್ರಾಯಿಟ್‌ನ ಋತು ಮುಗಿಯಿತು. ಗಡುವಿನಲ್ಲಿ ಕೊಂಡವರ ಒಂದು ಹೊಡೆತ ಮಾರಿದವರನ್ನು ಮನೆಗೆ ಕಳುಹಿಸಿತು. ಅದನ್ನು ಮರೆಮಾಚಿ ಈ ಕಥೆ ಹೇಳುವುದು ಸರಿಯಲ್ಲ.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು.

ಮರುವರ್ಷ ಟೈಗರ್ಸ್ ಕೊಂಡರಲ್ಲ, ಆಗ ಏನಾಯಿತು ಎಂದು ಒಬ್ಬರು ಕೇಳಿದರು. 2025ರ ಜುಲೈನಲ್ಲಿ ಟೈಗರ್ಸ್ ಕ್ಲೀವ್‌ಲೆಂಡ್‌ಗಿಂತ 15.5 ಪಂದ್ಯ ಮುಂದಿದ್ದರು. ಕ್ರಿಸ್ ಪ್ಯಾಡಕ್, ಕೈಲ್ ಫಿನೆಗನ್, ಚಾರ್ಲಿ ಮಾರ್ಟನ್ ಮೊದಲಾದ ಪಿಚರ್‌ಗಳನ್ನು ತಂದರು. ಫಿನೆಗನ್ ನೆರವಾದರು, ಮಾರ್ಟನ್ ಅವರನ್ನು ಸೆಪ್ಟೆಂಬರ್‌ನಲ್ಲೇ ಬಿಟ್ಟರು. ಮುನ್ನಡೆ ಪೂರ್ತಿ ಕರಗಿ ವಿಭಾಗ ಕ್ಲೀವ್‌ಲೆಂಡ್ ಪಾಲಾಯಿತು. 87-75ರೊಂದಿಗೆ ವೈಲ್ಡ್ ಕಾರ್ಡ್ ಆಗಿ ಹೋಗಿ ಕ್ಲೀವ್‌ಲೆಂಡ್‌ಅನ್ನೇ ಸೋಲಿಸಿದರು, ಸಿಯಾಟಲ್‌ನಲ್ಲಿ 15 ಇನಿಂಗ್ಸ್‌ವರೆಗೆ ಹೋದ ಐದನೆಯ ಪಂದ್ಯದಲ್ಲಿ ಸೋತರು. ತಂದವರು ಸಾಧಾರಣ ಮಟ್ಟದವರು ಎಂಬುದು ನನ್ನ ದೂರು. ಅಷ್ಟು ಮುಂದಿರುವಾಗ ಒಬ್ಬ ಒಳ್ಳೆಯ ಬ್ಯಾಟರ್‌ಗಾಗಿ ಒಬ್ಬಿಬ್ಬರು ಕಿರಿಯರನ್ನು ಕೊಡಬಹುದಿತ್ತು.

ನೀವೇ ಆಗಿದ್ದರೆ ಫ್ಲಾಹರ್ಟಿಯನ್ನು ಮಾರುತ್ತಿದ್ದಿರಾ ಎಂದು ಇನ್ನೊಬ್ಬರು ಕೇಳಿದರು. ಮಾರುತ್ತಿದ್ದೆ. ಕ್ಲೀವ್‌ಲೆಂಡ್ ವಿರುದ್ಧ ಸ್ಕೂಬಲ್ ಜೊತೆಗೆ ಅವರೂ ಇದ್ದಿದ್ದರೆ ಎಂದು ಅಕ್ಟೋಬರ್‌ನಲ್ಲಿ ಅನ್ನಿಸದೆ ಇರಲಿಲ್ಲ. ಡಾಡ್ಜರ್ಸ್ ಪರವಾಗಿ ಅವರು ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಏಳು ಇನಿಂಗ್ಸ್ ರನ್ ಕೊಡದೆ ಎಸೆದದ್ದನ್ನು ನೋಡಿದಾಗ ಹೊಟ್ಟೆಯೂ ಉರಿಯಿತು. ಅವರು ವಿಶ್ವ ಸರಣಿ ಗೆದ್ದ ತಂಡದಲ್ಲಿದ್ದರು. ಆದರೆ ಸ್ವೀನಿ ಬಾರದಿದ್ದರೆ ಬಾಯೆಜ್ ಹೋದ ಮೇಲೆ ಆ 44 ಪಂದ್ಯಗಳಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ಯಾರು ನಿಲ್ಲುತ್ತಿದ್ದರು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಆ ಜಾಗ ಬರಿದಾಗಿದ್ದರೆ ಅಕ್ಟೋಬರ್ ಬರುತ್ತಲೇ ಇರಲಿಲ್ಲ. ಫ್ಲಾಹರ್ಟಿ 2025ರ ಫೆಬ್ರವರಿಯಲ್ಲಿ ಮುಕ್ತ ಆಟಗಾರನಾಗಿ ಡೆಟ್ರಾಯಿಟ್‌ಗೇ ಮರಳಿ ಸಹಿ ಹಾಕಿದರು. ಆ ಋತುವಿಗೆ ಸ್ವೀನಿ, ಲಿರಾನ್ಸೊ, ಫ್ಲಾಹರ್ಟಿ ಮೂವರೂ ಟೈಗರ್ಸ್ ಬಳಿಯೇ ಇದ್ದರು.